ಭಾನುವಾರ ಯಾರ ಲೆಕ್ಕಕ್ಕೆ?

ಮ್ಯಾನೇಜ್‌ಮೆಂಟ್ ಓದಲು ಹೋದವರು ಮೊದಲ ವಾರದಲ್ಲೇ ಕೇಳುವ ಹೆಸರು ಫ್ರೆಡರಿಕ್ ಟೇಲರ್. ಒಬ್ಬ ಕೂಲಿಯಾಳು ಒಂದು ಸಲಿಕೆ ಅದಿರು ಎತ್ತಿ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ಅಳೆಸಿದ ಅಮೆರಿಕದ ಎಂಜಿನಿಯರ್. ಅವನನ್ನು ಹೊಗಳುವವರೂ ಬಯ್ಯುವವರೂ ಆ ಗಡಿಯಾರದ ಹತ್ತಿರವೇ ನಿಂತುಬಿಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಪಠ್ಯದಲ್ಲಿ ಇಲ್ಲದ ಇನ್ನೊಂದು ಸಂಗತಿ. ಟೇಲರ್ ಕೆಲಸ ಮಾಡುತ್ತಲೇ ಓದಿ ಪದವಿ ಪಡೆದವನು. 1878ರಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಸಾಮಾನ್ಯ ಕೆಲಸಗಾರನಾಗಿ ಸೇರಿದ. ಗುಮಾಸ್ತ, ಮೇಸ್ತ್ರಿ, ಫೋರ್‌ಮನ್ ಎಂದು ಮೇಲೇರುತ್ತಿದ್ದ ದಿನಗಳಲ್ಲೇ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಹೆಸರು ಬರೆಸಿದ. ತರಗತಿಯಲ್ಲಿ ಕೂರದೆ, ಬಹುಪಾಲು ತಾನೇ ಓದಿಕೊಂಡು, 1883ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಹಗಲು ಬೇರೆಯವರ ನಿಮಿಷಗಳನ್ನು ಲೆಕ್ಕ ಹಾಕತೊಡಗಿದ ವರ್ಷಗಳೂ ರಾತ್ರಿ ತನ್ನ ಪುಸ್ತಕ ತೆರೆಯುತ್ತಿದ್ದ ವರ್ಷಗಳೂ ಒಂದೇ. ಅವನು ಅನುಕೂಲಸ್ಥರ ಮನೆಯ ಹುಡುಗ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅದೇ ಕಾರ್ಖಾನೆಯಲ್ಲಿ ಲೋಹ ಕಡಿಯುತ್ತಿದ್ದ ಉಳಿದವರ ಸಂಜೆಗಳಿಗೂ ಅವನ ಸಂಜೆಗೂ ವ್ಯತ್ಯಾಸವಿತ್ತು.

ನಾನು ಪೀಣ್ಯದ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೆ, ಮೂವತ್ತಾರನೇ ವಯಸ್ಸಿನಲ್ಲಿ, ನಾಲ್ಕು ವರ್ಷದ ಮಗಳನ್ನಿಟ್ಟುಕೊಂಡು ಎಕ್ಸಿಕ್ಯುಟಿವ್ ಎಂ.ಬಿ.ಎ.ಗೆ ಸೇರಿದೆ. ಶನಿವಾರ ಇಡೀ ದಿನ, ಭಾನುವಾರ ಅರ್ಧ ದಿನ ತರಗತಿ. ಒಟ್ಟು ಎರಡು ವರ್ಷ. ಶುಲ್ಕದ ಅರ್ಧವನ್ನು ಕಂಪನಿ ಕಟ್ಟಿತು. ಅದಕ್ಕೆ ಪ್ರತಿಯಾಗಿ, ಕೋರ್ಸು ಮುಗಿದ ಮೇಲೆ ಎರಡು ವರ್ಷ ಬೇರೆ ಕಡೆ ಹೋಗುವುದಿಲ್ಲ ಎಂದು ಬಾಂಡ್ ಬರೆದುಕೊಟ್ಟೆ. ಓದು ನಡೆಯುತ್ತಿದ್ದಾಗ ಒಂದು ಪ್ರಶ್ನೆ ಪಾಠಕ್ಕಿಂತ ಹೆಚ್ಚಾಗಿ ತಲೆಯಲ್ಲಿ ಕೂತಿತ್ತು. ದುಡಿಯುವವರು ಓದುವಾಗ ಆ ಓದಿನ ಗಂಟೆಗಳು ಯಾರ ಜೇಬಿನಿಂದ ಬರುತ್ತವೆ? ಹಣದ ಜೇಬು ಯಾವುದೆಂದು ಎಲ್ಲರಿಗೂ ಗೊತ್ತು, ಅದಕ್ಕೆ ರಸೀದಿ ಇರುತ್ತದೆ. ನಾನು ಕೇಳುತ್ತಿರುವುದು ಗಂಟೆಗಳ ವಿಷಯ. ಹುಡುಕುತ್ತ ಹೋದಂತೆ, ಈ ಪದವಿಯ ಚರಿತ್ರೆಯನ್ನು ಇದೊಂದೇ ಪ್ರಶ್ನೆಯ ಜಾಡಿನಲ್ಲಿ ಓದಬಹುದು ಅನ್ನಿಸಿತು.

ಮೊದಲ ಉತ್ತರ, ಓದುವವನ ಸ್ವಂತ ಸಂಜೆಯಿಂದ ಎನ್ನುವುದು. 1823ರ ನವೆಂಬರಿನಲ್ಲಿ ಲಂಡನ್ನಿನ ಕ್ರೌನ್ ಅಂಡ್ ಆಂಕರ್ ಎಂಬ ಪಾನಗೃಹದಲ್ಲಿ ಸುಮಾರು 2000 ಜನ ಸೇರಿದ್ದರು. ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯ ಮತ್ತು ಅವನ ಸಂಗಡಿಗರು ಕುಶಲಕರ್ಮಿಗಳಿಗಾಗಿ ಒಂದು ವಿದ್ಯಾಸಂಸ್ಥೆ ತೆರೆಯುವ ಮಾತು ಎತ್ತಿದ್ದರು. ಕೆಲಸಗಾರರಿಗೆ ವಿಜ್ಞಾನ ಕಲಿಸಿದರೆ ಸಮಾಜ ಕೆಡುತ್ತದೆ ಎಂದು ಹುಯಿಲೆಬ್ಬಿಸಿದವರೂ ಇದ್ದರು. ಆದರೂ ಸಂಸ್ಥೆ ಹುಟ್ಟಿತು, ಸಂಜೆಯ ಪಾಠಗಳು ನಡೆದವು, 1830ರಲ್ಲಿ ಹೆಂಗಸರಿಗೂ ಬಾಗಿಲು ತೆರೆಯಿತು. ಇಂದಿನ ಬರ್ಕ್‌ಬೆಕ್ ಕಾಲೇಜು ಅದೇ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಇನ್ನೊಂದು ಹೆಜ್ಜೆ ಇಟ್ಟು, ಯಾವ ಕಾಲೇಜಿಗೂ ಹೋಗದವರು ಕೂಡ ಪರೀಕ್ಷೆಗೆ ಕೂತು ಪದವಿ ಪಡೆಯಬಹುದು ಎಂದಿತು. ಎಲ್ಲಿ ಓದಿದೆ, ಯಾವ ಹೊತ್ತಿನಲ್ಲಿ ಓದಿದೆ ಎಂಬ ಪ್ರಶ್ನೆ ಅಲ್ಲಿಗೆ ಬಿದ್ದುಹೋಯಿತು. ಓದಿದ್ದೀಯಾ ಎಂಬುದೊಂದೇ ಉಳಿಯಿತು. ನಮ್ಮ ಕಡೆ 'ಪ್ರೈವೇಟಾಗಿ ಕಟ್ಟಿದೆ' ಅನ್ನುತ್ತಾರಲ್ಲ, ಆ ಮಾತಿನ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ವ್ಯಾಪಾರದ ಶಿಕ್ಷಣಕ್ಕೆ ಬಂದರೆ, ಫಿಲಡೆಲ್ಫಿಯಾದ ವಾರ್ಟನ್ ಶಾಲೆ 1881ರದು, ಹಾರ್ವರ್ಡಿನ ಬಿಸಿನೆಸ್ ಸ್ಕೂಲ್ 1908ರದು. ಇವೆರಡೂ ಹಗಲು ಓದುವ ಹುಡುಗರಿಗಾಗಿ ಕಟ್ಟಿದವು. ದುಡಿಯುವವರಿಗೆ ಬೇಕಾದದ್ದು ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. ಲೆಕ್ಕಪರಿಶೋಧಕರಿಗೆ ಪರವಾನಗಿ ಕೊಡುವ ಕಾನೂನು ಆ ರಾಜ್ಯದಲ್ಲಿ 1896ರಲ್ಲಿ ಬಂದಿತ್ತು. ಪರೀಕ್ಷೆ ಬಂದ ಮೇಲೆ ಪಾಠ ಬೇಕು. ಪರೀಕ್ಷೆಗೆ ಕೂರುವವರು ಹಗಲು ಪುಸ್ತಕ ಬರೆಯುವ ಗುಮಾಸ್ತರು. ಹೀಗಾಗಿ 1900ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ವಾಣಿಜ್ಯ ಮತ್ತು ಲೆಕ್ಕಶಾಸ್ತ್ರದ ಶಾಲೆಯನ್ನು ಸಂಜೆಯ ತರಗತಿಗಳೊಂದಿಗೆ ಆರಂಭಿಸಿತು. ಬೆಂಗಳೂರಿನ ಸಂಜೆ ಕಾಲೇಜುಗಳನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಕಾಣಿಸದು.

ಇಲ್ಲಿಯವರೆಗೆ ಮೇಲಧಿಕಾರಿಗಳ ಸುಳಿವೇ ಇಲ್ಲ. ಗುಮಾಸ್ತ, ಮೆಕ್ಯಾನಿಕ್, ಲೆಕ್ಕ ಬರೆಯುವವನು ಇವರೆಲ್ಲ ಓದಿ ಮೇಲೆ ಹೋಗಬೇಕಾದವರು. ಆಗಲೇ ಮೇಲೆ ಹೋಗಿ ಕೂತವನು ಮತ್ತೆ ಬೆಂಚಿನ ಮೇಲೆ ಕೂರಬೇಕು ಎಂಬ ಯೋಚನೆ ಇಪ್ಪತ್ತನೇ ಶತಮಾನದ್ದು. 1931ರಲ್ಲಿ ಅಮೆರಿಕದ ಎಂ.ಐ.ಟಿ., ಕಂಪನಿಗಳು ಆರಿಸಿ ಕಳಿಸಿದ ನಡುಹರೆಯದ ಅಧಿಕಾರಿಗಳಿಗೆ ಒಂದು ವರ್ಷದ ಕಾರ್ಯಕ್ರಮ ಶುರು ಮಾಡಿತು. ಅದಕ್ಕೆ ಮುಂದೆ ಜನರಲ್ ಮೋಟರ್ಸಿನ ಆಲ್‌ಫ್ರೆಡ್ ಸ್ಲೋನ್ ಹೆಸರು ಅಂಟಿಕೊಂಡಿತು. ಇಲ್ಲಿ ಗಂಟೆಗಳು ಕಂಪನಿಯವು. ಆದರೆ ವರ್ಷಗಟ್ಟಲೆ ಅಧಿಕಾರಿಯನ್ನು ಬಿಟ್ಟುಕೊಡಬಲ್ಲ ಕಂಪನಿಗಳು ಎಷ್ಟಿದ್ದಾವು?

ಗಂಟೆಗಳ ಚೌಕಾಸಿ ನಿಜವಾಗಿ ನಡೆದದ್ದು ಎರಡನೇ ಮಹಾಯುದ್ಧದಲ್ಲಿ. 1943ರ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಎರಡು ಕೊರತೆಗಳು ಒಟ್ಟಿಗೇ ಇದ್ದವು. ಯುವಕರು ಸೈನ್ಯಕ್ಕೆ ಹೋಗಿದ್ದರು, ಉತ್ಪಾದನೆ ಮಾತ್ರ ಹಿಂದೆಂದೂ ಇಲ್ಲದಷ್ಟು ಹೆಚ್ಚಬೇಕಿತ್ತು. ಹಾರ್ವರ್ಡಿನ ಬಿಸಿನೆಸ್ ಸ್ಕೂಲಿನಲ್ಲಿ ಎಂದಿನ ಎಂ.ಬಿ.ಎ. ನಿಂತುಹೋಗಿ, ಅಂಗಳದ ತುಂಬ ಸಮವಸ್ತ್ರದವರೇ ಓಡಾಡುತ್ತಿದ್ದರು. ವಾಯುಪಡೆಯ ಅಧಿಕಾರಿಗಳಿಗೆ ಅಲ್ಲಿ ಅಂಕಿಅಂಶದ ಪಾಠ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದವರಲ್ಲಿ ಮುಂದೆ ವಿಯೆಟ್ನಾಂ ಯುದ್ಧದ ಕಾಲದ ರಕ್ಷಣಾ ಕಾರ್ಯದರ್ಶಿಯಾದ ರಾಬರ್ಟ್ ಮೆಕ್‌ನಮಾರ ಒಬ್ಬ. ಅದರ ಜೊತೆಗೇ ಇನ್ನೊಂದು ವಿಚಿತ್ರ ತರಗತಿ ಆರಂಭವಾಯಿತು. ಯುದ್ಧದಿಂದಾಗಿ ಕೆಲಸ ತೆಳುವಾಗಿದ್ದ ವ್ಯಾಪಾರಗಳಲ್ಲಿದ್ದ, ವಯಸ್ಸಿನಲ್ಲಿ ಮಾಗಿದ ಜನರನ್ನು ಹದಿನೈದು ವಾರಗಳಲ್ಲಿ ಯುದ್ಧೋತ್ಪಾದನೆಯ ಮೇಲ್ವಿಚಾರಣೆಗೆ ತಯಾರು ಮಾಡುವುದು ಅದರ ಉದ್ದೇಶ. ನರೆತ ತಲೆಯವರು ಹಾಸ್ಟೆಲಿನ ಕೋಣೆಗಳಲ್ಲಿ ಒಟ್ಟಿಗೆ ಉಳಿದು ಓದಿದರು. ಯುದ್ಧ ಮುಗಿದಾಗ ತರಗತಿ ಮುಗಿಯಲಿಲ್ಲ. ತಮ್ಮವರನ್ನು ಕಳಿಸಿ ನೋಡಿದ್ದ ಕಂಪನಿಗಳಿಗೆ ಅದು ಬೇಕಾಗಿತ್ತು. 1945ರಲ್ಲಿ ಅದೇ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅಲ್ಲಿ ಪದವಿ ಇಲ್ಲ, ಕೆಲಸಕ್ಕೆ ಪೂರ್ತಿ ರಜೆ, ಖರ್ಚು ಕಂಪನಿಯದು.

ಅದೇ 1943ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಯುದ್ಧದ ನಡುವೆ ಅಧಿಕಾರಿಯನ್ನು ಯಾವ ಕಾರ್ಖಾನೆಯೂ ಬಿಟ್ಟುಕೊಡುವ ಸ್ಥಿತಿಯಲ್ಲಿರಲಿಲ್ಲ. ಹಾಗಾದರೆ ಅವನು ಕೆಲಸದಲ್ಲೇ ಇರಲಿ, ಓದೂ ಆಗಲಿ, ಕೊನೆಗೆ ಕೈಗೆ ಬರುವುದು ಪೂರ್ಣ ಪ್ರಮಾಣದ ಎಂ.ಬಿ.ಎ. ಪದವಿಯೇ ಆಗಿರಲಿ ಎಂದರು. ವಿಶ್ವವಿದ್ಯಾಲಯ ಇರುವುದು ಊರಿನ ದಕ್ಷಿಣದ ಹೈಡ್ ಪಾರ್ಕಿನಲ್ಲಿ. ಪಾಠವನ್ನು ಕಚೇರಿಗಳಿರುವ ನಡುಪೇಟೆಗೇ ಒಯ್ದರು. ಜಗತ್ತಿನ ಮೊದಲ ಎಕ್ಸಿಕ್ಯುಟಿವ್ ಎಂ.ಬಿ.ಎ. ಎಂದು ಇಂದು ಎಣಿಸುವುದು ಇದನ್ನೇ. ಅರ್ಧ ಶತಮಾನದ ನಂತರ, 1994ರಲ್ಲಿ, ಷಿಕಾಗೊದವರು ಇದನ್ನು ಬಾರ್ಸಿಲೋನಾಕ್ಕೂ ಕೊಂಡೊಯ್ದರು.

ನನ್ನ ಮಟ್ಟಿಗೆ ಈ ಎರಡು ತರಗತಿಗಳ ನಡುವಿನ ವ್ಯತ್ಯಾಸವೇ ಈ ಚರಿತ್ರೆಯ ತಿರುಳು. ಹಾರ್ವರ್ಡಿನದರಲ್ಲಿ ಕಂಪನಿ ತನ್ನ ಗಂಟೆಗಳನ್ನು ಕೊಟ್ಟಿತು. ಷಿಕಾಗೊದರಲ್ಲಿ ಕಂಪನಿ ಬೇಕಿದ್ದರೆ ಹಣ ಕೊಡಬಹುದು, ಗಂಟೆಗಳನ್ನು ಮಾತ್ರ ಕೊಡುವುದಿಲ್ಲ. ಅವು ದುಡಿಯುವವನ ಸಂಜೆಯಿಂದ, ಅಂದರೆ ಅವನ ಮನೆಯಿಂದ ಬರಬೇಕು. ಯುದ್ಧ ಹೋಯಿತು, ಏರ್ಪಾಡು ಉಳಿಯಿತು. ಈಗ ನಮ್ಮಲ್ಲಿ ನಡೆಯುವ ವಾರಾಂತ್ಯದ ತರಗತಿಗಳೆಲ್ಲ ಆ ಏರ್ಪಾಡಿನ ಮೊಮ್ಮಕ್ಕಳು.

ಭಾರತಕ್ಕೆ ಮೊದಲು ಬಂದದ್ದು ಗಂಟೆಗಳನ್ನು ಕಂಪನಿಯೇ ಕೊಡುವ ಮಾದರಿ, ಅದೂ ಇಂಗ್ಲೆಂಡಿನ ಮೂಲಕ. ಅಲ್ಲಿ ಹೆನ್ಲಿ ಎಂಬಲ್ಲಿ 1945ರಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಹುಟ್ಟಿತ್ತು. ಸೈನ್ಯದ ಹಿರಿಯ ಅಧಿಕಾರಿಗಳಿಗೆ ಇರುವಂಥ ಕಾಲೇಜು ಉದ್ಯಮದವರಿಗೂ ಇರಲಿ ಎಂಬ ಎಣಿಕೆ. ಅದರ ಅಚ್ಚಿನಲ್ಲಿ 1956ರಲ್ಲಿ ಹೈದರಾಬಾದಿನಲ್ಲಿ ನಮ್ಮ ಸ್ಟಾಫ್ ಕಾಲೇಜು ಸ್ಥಾಪನೆಯಾಯಿತು. ನಿಜಾಮನ ಹಿರಿಯ ಮಗ ವಾಸವಿದ್ದ ಬೆಲ್ಲಾ ವಿಸ್ಟಾ ಅರಮನೆಯೇ ಅದರ ಕಟ್ಟಡ. ಅದರ ಮುಖ್ಯಸ್ಥರಾಗಿ ಬಂದವರು ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಜನರಲ್ ಶ್ರೀನಾಗೇಶ್. ಮುಂದೆ 1964ರಲ್ಲಿ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರೂ ಅವರೇ. ಅರಮನೆಯಲ್ಲಿ ವಾಸ್ತವ್ಯ, ದಂಡನಾಯಕರ ಮೇಲ್ವಿಚಾರಣೆ. ಆ ಕಾಲದಲ್ಲಿ ಮ್ಯಾನೇಜರನ ಓದು ಎಂದರೆ ಎಷ್ಟು ದೊಡ್ಡವರ ವ್ಯವಹಾರವಾಗಿತ್ತು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನ ಐ.ಐ.ಎಂ.ಗಳು ಬಂದವು. ಮೊದಲನೆಯದಕ್ಕೆ ಎಂ.ಐ.ಟಿ.ಯ ನೆರವು, ಎರಡನೆಯದಕ್ಕೆ ಹಾರ್ವರ್ಡಿನ ನೆರವು. ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಮತ್ತು ಕಮಲಾ ಚೌಧರಿ ಆರಂಭದ ದಿನಗಳನ್ನು ನಡೆಸಿದರು. ಅಲ್ಲಿ 1964ರಲ್ಲಿ ಶುರುವಾದ ಒಂದು ಕಾರ್ಯಕ್ರಮ ನನಗೆ ಬಹಳ ಇಷ್ಟ. ಅದರ ಹೆಸರು ತ್ರೀ ಟಿಯರ್ ಪ್ರೋಗ್ರಾಂ. ಒಂದು ಸಂಸ್ಥೆಯಿಂದ ಬರೀ ಕಿರಿಯ ಅಧಿಕಾರಿಯನ್ನು ಕರೆಸಿ ಪಾಠ ಹೇಳಿದರೆ ಅವನು ವಾಪಸು ಹೋಗಿ ಏನೂ ಮಾಡಲಾರ, ಮೇಲಿನವರು ಬಿಡುವುದಿಲ್ಲ. ಆದ್ದರಿಂದ ಮೇಲಿನ, ನಡುವಿನ, ಕೆಳಗಿನ ಮೂರು ಹಂತದವರಿಗೂ ಪಾಠವಾಗಲಿ ಎಂಬ ಯೋಚನೆ. ಗುರುಗಳ ಜೊತೆ ಗುರುಗಳ ಬಾಸಿಗೂ ಪಾಠ!

ಇದು ಎಷ್ಟು ಜಾಣ ಯೋಚನೆ ಎಂದು ನನಗೆ ಅರ್ಥವಾದದ್ದು ಸ್ವಂತ ಟೇಬಲ್ಲಿನ ಮೇಲೆ. ಒಂದು ಸಲಕ್ಕೆ ಎಷ್ಟು ಮಾಲು ತರಿಸಿದರೆ ಒಟ್ಟು ಖರ್ಚು ಕಡಿಮೆ ಎಂದು ಹೇಳುವ ಸೂತ್ರವೊಂದಿದೆ. ಪರ್ಚೇಸಿನವರಿಗೆ ಅದು ಮಗ್ಗಿಯಂತೆ. ಪದೇ ಪದೇ ಆರ್ಡರ್ ಮಾಡಿದರೆ ಆರ್ಡರಿನ ಖರ್ಚು ಏರುತ್ತದೆ, ಒಟ್ಟಿಗೇ ತರಿಸಿದರೆ ಗೋದಾಮಿನಲ್ಲಿ ಹಣ ಕೊಳೆಯುತ್ತದೆ. ಇವೆರಡರ ನಡುವಿನ ಹದ ಯಾವುದೆಂದು ಅದು ತೋರಿಸುತ್ತದೆ. ನಾನು ಕಲಿತ ಹುರುಪಿನಲ್ಲಿ ನಮ್ಮ ಬೋಲ್ಟುಗಳಿಗೆ ಲೆಕ್ಕ ಹಾಕಿ, ಆರ್ಡರಿನ ಪ್ರಮಾಣ ಅರ್ಧಕ್ಕಿಳಿಸಬಹುದು ಎಂದು ಒಂದು ಹಾಳೆ ಬರೆದು ಮೇಲಧಿಕಾರಿಗೆ ಕೊಟ್ಟೆ. ಅವರು ಓದಿದರು. "ಲೆಕ್ಕ ಚೆನ್ನಾಗಿದೆ ಮೇಡಂ. ಆದರೆ ಜಾಸ್ತಿ ತಗೊಂಡ್ರೆ ಅವನು ಡಿಸ್ಕೌಂಟ್ ಕೊಡ್ತಾನೆ. ಅದನ್ನ ನಿಮ್ಮ ಸೂತ್ರದಲ್ಲಿ ಎಲ್ಲಿ ಹಾಕಿದ್ದೀರಿ?" ಎಂದರು. ಮೂಲ ಸೂತ್ರದಲ್ಲಿ ರಿಯಾಯಿತಿಗೆ ಜಾಗವಿಲ್ಲ, ಅದಕ್ಕೆ ಬೇರೆ ಲೆಕ್ಕವಿದೆ. ಅದನ್ನೂ ಮಾಡಿ ತಂದೆ. ಅಷ್ಟರಲ್ಲಿ ಆರ್ಡರ್ ಹೋಗಿತ್ತು. ಅವರು ಕೆಟ್ಟವರೇನಲ್ಲ, ಅವರ ಪ್ರಶ್ನೆಯೂ ಸರಿಯಾಗಿಯೇ ಇತ್ತು. ಆದರೆ ನನ್ನ ಶನಿವಾರಗಳು ಅವರ ಸೋಮವಾರಗಳನ್ನು ಮುಟ್ಟುತ್ತಿರಲಿಲ್ಲ. ಅಹಮದಾಬಾದಿನವರು 1964ರಲ್ಲೇ ಕಂಡುಕೊಂಡಿದ್ದ ತೊಡಕು ಇದು.

ಅಂದಹಾಗೆ ಆ ಸೂತ್ರವನ್ನು 1913ರಲ್ಲಿ ಒಂದು ಕಾರ್ಖಾನೆ ಪತ್ರಿಕೆಯಲ್ಲಿ ಬರೆದವನು ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್. ಕೆಲಸ ಮಾಡುತ್ತಲೇ ಎಲ್ಲ ಕಲಿತವನು. ಕಾಲೇಜಿನ ಮೆಟ್ಟಿಲು ಹತ್ತಿದವನೇ ಅಲ್ಲ. ಎಂ.ಬಿ.ಎ. ತರಗತಿಗಳು ಒಂದು ಶತಮಾನದಿಂದ ಅವನ ಲೆಕ್ಕವನ್ನು ಕಲಿಸಿ ಶುಲ್ಕ ಪಡೆಯುತ್ತಿವೆ.

ಬೆಂಗಳೂರಿಗೆ ಬರೋಣ. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಸಾಲಾಗಿ ದೊಡ್ಡ ಕಾರ್ಖಾನೆಗಳು ಬಂದ ಊರಿದು. ಶಿಫ್ಟಿನ ಸೈರನ್, ಕಾರ್ಖಾನೆಯ ಬಸ್ಸು, ಕ್ವಾರ್ಟರ್ಸು ಇವುಗಳ ನಡುವೆ ಓದಿನ ಹಸಿವೂ ಬೆಳೆಯಿತು. ಎಸ್ಸೆಸೆಲ್ಸಿ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗರಿಗೆ ಇದ್ದ ದಾರಿಗಳು ಎರಡು. ಒಂದು ಸಂಜೆ ಕಾಲೇಜು, ಇನ್ನೊಂದು ಅಂಚೆ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವುದನ್ನು ಆರಂಭಿಸಿತ್ತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆ ದಾರಿ ಹಿಡಿಯಿತು. ಕನ್ನಡದಲ್ಲಿ ಅದಕ್ಕೆ ಅಂಚೆ ತೆರಪಿನ ಶಿಕ್ಷಣ ಎಂಬ ಹೆಸರು ಬಿತ್ತು. 'ತೆರಪು' ಎಷ್ಟು ಒಳ್ಳೆಯ ಮಾತು! ಬಿಡುವು, ನಡುವಿನ ಜಾಗ, ಎರಡು ಕೆಲಸಗಳ ಮಧ್ಯೆ ಸಿಗುವ ಸಂದು. ಆ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ನಮ್ಮ ಅಪ್ಪ ಆ ತೆರಪಿನಲ್ಲಿ ಓದಿದವರು. ಕಾರ್ಖಾನೆಯೊಂದರಲ್ಲಿ ಮಷಿನ್ ಮೇಲೆ ನಿಲ್ಲುತ್ತಿದ್ದರು. ಮೈಸೂರಿನಿಂದ ಪಾಠದ ಕಟ್ಟು ಬಂದ ದಿನ ಅಮ್ಮ ಅದನ್ನು ಅಕ್ಕಿಡಬ್ಬದ ಮೇಲೆ ಎತ್ತಿಡುತ್ತಿದ್ದರಂತೆ, ಮಕ್ಕಳ ಕೈಗೆ ಸಿಗಬಾರದೆಂದು. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬಂದು, ಊಟ ಮಾಡಿ, ಒಂದೂವರೆಯ ತನಕ ಓದುವುದು. ಆ ಹೊತ್ತಿಗೆ ಬಿಸಿ ಅನ್ನ ಇರಬೇಕು ಎಂದರೆ ಇನ್ನೊಬ್ಬರು ಎದ್ದಿರಬೇಕು. ಬಿ.ಎ. ಮುಗಿಸಲು ಅಪ್ಪನಿಗೆ ಆರು ವರ್ಷ ಹಿಡಿಯಿತು. ಆಮೇಲೆ ಮಷಿನ್ ಬಿಟ್ಟು ಟೈಮ್ ಆಫೀಸಿನ ಗುಮಾಸ್ತರಾದರು. ಕೆಲಸಗಾರರು ಬಂದ ಹೊತ್ತು, ಹೋದ ಹೊತ್ತು ಬರೆದಿಡುವ ಕೆಲಸ. ಪದವಿಯ ಪ್ರಮಾಣಪತ್ರವನ್ನು ಫ್ರೇಮ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಅಮ್ಮ ಅದನ್ನು ತೋರಿಸಿ, "ಅದರಲ್ಲಿ ಅರ್ಧ ನಂದು" ಎನ್ನುತ್ತಿದ್ದರು. ಅಪ್ಪ, "ಯಾವ ಅರ್ಧ, ಇಂಗ್ಲಿಷಿನ ಪೇಪರ್ರಾ?" ಎಂದು ನಗುತ್ತಿದ್ದರು. ಅಪ್ಪ ಫೇಲಾಗಿ ಮತ್ತೆ ಕಟ್ಟಿದ್ದು ಅದೊಂದೇ ವಿಷಯ.

1973ರಲ್ಲಿ ಬೆಂಗಳೂರಿಗೂ ಐ.ಐ.ಎಂ. ಬಂತು. ಸಾರ್ವಜನಿಕ ರಂಗದ ಉದ್ದಿಮೆಗಳಿಗೆ ಮ್ಯಾನೇಜರುಗಳನ್ನು ತಯಾರು ಮಾಡುವುದು ಅದರ ಆರಂಭದ ಗುರಿಗಳಲ್ಲೊಂದು. ಎನ್.ಎಸ್. ರಾಮಸ್ವಾಮಿ ಮೊದಲ ನಿರ್ದೇಶಕರು. ಬನ್ನೇರುಘಟ್ಟ ರಸ್ತೆಯ ಕಲ್ಲಿನ ಕಟ್ಟಡವನ್ನು ಬಿ.ವಿ. ದೋಶಿ ವಿನ್ಯಾಸ ಮಾಡಿದರು. ಫತೇಪುರ ಸಿಕ್ರಿಯ ಅಂಗಳಗಳು ಅವರ ಮನಸ್ಸಿನಲ್ಲಿದ್ದವು. ಕೆಲಸದಲ್ಲಿರುವವರು ಕೆಲಸ ಬಿಡದೆ ಆ ಅಂಗಳದಲ್ಲಿ ಓದುವ ಕಾರ್ಯಕ್ರಮ ಶುರುವಾದದ್ದು ಮಾತ್ರ 1998ರಲ್ಲಿ, ಊರಿನ ಬಣ್ಣ ಬದಲಾದ ಮೇಲೆ. ಸಾಫ್ಟ್‌ವೇರ್ ಎಂಟರ್‌ಪ್ರೈಸ್ ಮ್ಯಾನೇಜ್‌ಮೆಂಟ್ ಎಂದು ಅದರ ಹೆಸರು. ಕೋಡ್ ಬರೆಯುತ್ತಿದ್ದವರನ್ನು ತಂಡ ನಡೆಸುವವರನ್ನಾಗಿ ಮಾಡಬೇಕಿತ್ತು. ಅವರನ್ನು ಎರಡು ವರ್ಷ ಬಿಟ್ಟುಕೊಡಲು ಕಂಪನಿಗಳಿಗೆ ಮನಸ್ಸಿಲ್ಲ, ಸಂಬಳ ಬಿಡಲು ಅವರಿಗೂ ಮನಸ್ಸಿಲ್ಲ. 1943ರ ಷಿಕಾಗೊದ ಇಕ್ಕಟ್ಟು ಯುದ್ಧವಿಲ್ಲದೆಯೇ ಇಲ್ಲಿ ಮರುಕಳಿಸಿತ್ತು, ಉತ್ತರವೂ ಅದೇ ಆಯಿತು: ವಾರದ ಕೊನೆಯ ದಿನಗಳು. ಮುಂದೆ ಹೆಸರಿನಿಂದ ಸಾಫ್ಟ್‌ವೇರ್ ಬಿಟ್ಟುಹೋಗಿ ಬೇರೆ ಉದ್ಯಮದವರೂ ಬಂದರು. ಹೊಸ ಕಾನೂನು 2018ರ ಆರಂಭದಲ್ಲಿ ಜಾರಿಗೆ ಬರುವ ತನಕ ಐ.ಐ.ಎಂ.ಗಳು ಕೊಡುತ್ತಿದ್ದದ್ದು ಡಿಪ್ಲೊಮಾ. ಪದವಿ ಕೊಡುವ ಅಧಿಕಾರ ಅವಕ್ಕೆ ಬಂದದ್ದು ಆಗ. ಹಗಲು ಓದುವ ಹುಡುಗರಿಗೆ ಇದು ಬರೀ ಹೆಸರಿನ ಮಾತಿರಬಹುದು. ನಲವತ್ತರ ಹತ್ತಿರ ಬಂದು, ಬಡ್ತಿಯ ಫಾರಂನಲ್ಲಿ 'ಪದವಿ' ಎಂಬ ಕಾಲಂ ತುಂಬಬೇಕಾದವರಿಗೆ ಒಂದೊಂದು ಅಕ್ಷರವೂ ಮುಖ್ಯ.

ಇಷ್ಟು ದೂರ ಬಂದರೂ ಹೆಂಗಸರ ಸುದ್ದಿ ಬಂದದ್ದು ಒಂದೆರಡು ಕಡೆ ಮಾತ್ರ ಎಂದು ನೀವು ಗಮನಿಸಿರಬಹುದು. ನಾನೇನೂ ಬಚ್ಚಿಟ್ಟಿದ್ದಲ್ಲ. ಹಾರ್ವರ್ಡಿನ ಎರಡು ವರ್ಷದ ಎಂ.ಬಿ.ಎ.ಗೆ ಮಹಿಳೆಯರನ್ನು ನೇರವಾಗಿ ಸೇರಿಸಿಕೊಂಡದ್ದು 1963ರಲ್ಲಿ, ಆ ವರ್ಷ ಸೇರಿದವರು ಎಂಟು ಜನ. ಆದರೆ ಮ್ಯಾನೇಜ್‌ಮೆಂಟ್ ಶಾಸ್ತ್ರ ಕಣ್ಣು ಬಿಡುತ್ತಿದ್ದ ಕಾಲದಲ್ಲೇ ಕೆಲಸ, ಮನೆ, ಓದು ಮೂರನ್ನೂ ಹೊತ್ತ ಒಬ್ಬ ಹೆಂಗಸು ಇದ್ದಳು. ಲಿಲಿಯನ್ ಗಿಲ್‌ಬ್ರೆತ್. ಗಂಡ ಫ್ರಾಂಕ್ ಇಟ್ಟಿಗೆ ಕಟ್ಟುವ ಕೆಲಸದಿಂದ ಮೇಲೆ ಬಂದು, ಕೆಲಸಗಾರನ ಕೈ ಚಲನೆಗಳನ್ನು ಕ್ಯಾಮೆರಾ ಇಟ್ಟು ಅಧ್ಯಯನ ಮಾಡಿದವನು. ಇಬ್ಬರೂ ಸೇರಿ ಕಂಪನಿಗಳಿಗೆ ಸಲಹೆ ಕೊಡುತ್ತಿದ್ದರು. ಲಿಲಿಯನ್ ಮನಶ್ಶಾಸ್ತ್ರದ ಕಡೆಯಿಂದ ಮ್ಯಾನೇಜ್‌ಮೆಂಟ್ ಕುರಿತು ಪ್ರಬಂಧ ಬರೆದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟಳು. ಕೊನೆಯ ವರ್ಷ ಕ್ಯಾಂಪಸ್ಸಿನಲ್ಲೇ ಇರಬೇಕು ಎಂಬ ನಿಯಮ ಅಡ್ಡ ಬಂತು. ಆಕೆ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಮಕ್ಕಳೊಂದಿಗೆ. ಡಾಕ್ಟರೇಟ್ ಸಿಗಲಿಲ್ಲ. 1914ರಲ್ಲಿ ಆ ಬರಹವೇ ಪುಸ್ತಕವಾಯಿತು. ಬರೆದವಳು ಹೆಂಗಸೆಂದು ಗೊತ್ತಾಗದಿರಲೆಂದು ಎಲ್. ಎಂ. ಗಿಲ್‌ಬ್ರೆತ್ ಎಂದಷ್ಟೇ ಅಚ್ಚಾಯಿತು. ಆಕೆ ಬ್ರೌನ್ ವಿಶ್ವವಿದ್ಯಾಲಯಕ್ಕೆ ಸೇರಿ, ಪಾಠ ಹೇಳುವುದರಲ್ಲಿ ಆಗುವ ಪೋಲನ್ನು ತಪ್ಪಿಸುವುದು ಹೇಗೆ ಎಂಬ ಬೇರೆಯೇ ಪ್ರಬಂಧ ಬರೆದು 1915ರಲ್ಲಿ ಡಾಕ್ಟರೇಟ್ ಪಡೆದಳು. ಅಷ್ಟರಲ್ಲಿ ಏಳು ಮಕ್ಕಳನ್ನು ಹೆತ್ತಿದ್ದಳು, ಅದರಲ್ಲೊಂದನ್ನು 1912ರಲ್ಲಿ ಡಿಫ್ತೀರಿಯಾಕ್ಕೆ ಕಳೆದುಕೊಂಡಿದ್ದಳು. ಕೊನೆಗೆ ಒಟ್ಟು ಹನ್ನೆರಡು ಮಕ್ಕಳ ತಾಯಿ.

ಇಷ್ಟನ್ನು ಅನೇಕರು ಬರೆದಿದ್ದಾರೆ. ಮಕ್ಕಳೇ ಬರೆದ ನೆನಪಿನ ಪುಸ್ತಕ ಸಿನಿಮಾ ಕೂಡ ಆಗಿದೆ. ನಾನು ಓದುತ್ತ ತಟ್ಟನೆ ನಿಂತದ್ದು ಒಂದು ಸಣ್ಣ ವಿವರದ ಹತ್ತಿರ. ಆ ಮನೆಯಲ್ಲಿ ಫ್ರಾಂಕನ ತಾಯಿ ಮಾರ್ತಾ ಇದ್ದಳು. ಅಡುಗೆಮನೆ, ಆಳುಕಾಳು, ದಿನದ ಸಂಸಾರ ಎಲ್ಲ ನೋಡಿಕೊಳ್ಳುತ್ತಿದ್ದವಳು ಅವಳು. ಅಂದರೆ ಲಿಲಿಯನ್ನಳ ಅತ್ತೆ.

ನನ್ನ ಎರಡು ವರ್ಷವನ್ನೂ ದಾಟಿಸಿದ್ದು ಅತ್ತೆಯೇ. ಕೋರ್ಸಿಗೆ ಸೇರುವ ಮೊದಲು ಊಟದ ಮೇಜಿನ ಮೇಲೆ ಮೂವರೂ ಕೂತು ಮಾತಾಡಿ ತೀರ್ಮಾನಿಸಿದ್ದೆವು. ಶನಿವಾರ ಮಧ್ಯಾಹ್ನದ ಭಜನಾ ಮಂಡಳಿಯನ್ನು ಅತ್ತೆ ಬಿಡುವುದು. ನನ್ನ ಗಂಡ ಭಾನುವಾರದ ಅಡುಗೆ ಮತ್ತು ಬಟ್ಟೆ ನೋಡಿಕೊಳ್ಳುವುದು. ಆಪರೇಷನ್ಸ್ ವಿಷಯಕ್ಕೆ ಒಂದು ಅಸೈನ್‌ಮೆಂಟ್ ಇತ್ತು: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯವಸ್ಥೆಯನ್ನು ತೆಗೆದುಕೊಂಡು ಅದಕ್ಕೆ ಬೇಕಾಗುವ ಗಂಟೆಗಳನ್ನು ಬರೆಯಿರಿ, ಎಲ್ಲಿ ಬಿಗಿಯಾಗಿದೆ ತೋರಿಸಿ. ಎಲ್ಲರೂ ಗೋದಾಮು, ಕಾಲ್ ಸೆಂಟರ್ ಎಂದು ಬರೆದರು. ನಾನು ನನ್ನ ವಾರವನ್ನೇ ಬರೆದೆ. ವಾರಕ್ಕೆ 168 ಗಂಟೆ. ಕಚೇರಿ 45, ಅದರ ಓಡಾಟ 10, ತರಗತಿ 12, ಅದರ ಓಡಾಟ 3, ಓದು ಮತ್ತು ಗುಂಪಿನ ಕೆಲಸ 12, ನಿದ್ದೆ 42. ಉಳಿದದ್ದು 44. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದೆ: ನಾನು ಇಲ್ಲದ ಹೊತ್ತಿನಲ್ಲಿ, ಮೊದಲು ನಾನು ಮಾಡುತ್ತಿದ್ದ ಕೆಲಸಕ್ಕೆ ಅತ್ತೆ ಕೊಟ್ಟ ಗಂಟೆಗಳು. ವಾರಕ್ಕೆ 21. ತರಗತಿ ನಡೆದದ್ದು ಒಟ್ಟು 80 ವಾರ. ನಾನು ಕ್ಲಾಸಿನಲ್ಲಿ ಕೂತದ್ದು 960 ಗಂಟೆ, ಅತ್ತೆ ಕೊಟ್ಟದ್ದು 1,680 ಗಂಟೆ.

ಪ್ರೊಫೆಸರ್ ಒಳ್ಳೆಯ ಅಂಕ ಕೊಟ್ಟರು. ಅತ್ತೆಯ ಕಾಲಂ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಈ ಗಂಟೆಗಳಿಗೆ ಏನು ದರ ಹಿಡಿಯುತ್ತೀರಿ ಎಂದು ಬರೆದಿದ್ದರು. ಆ ಹಾಳೆಯನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. "ಹಬ್ಬದ ದಿನ ಸೇರಿಸಿಲ್ಲ ನೀನು" ಎಂದರು. ನಿಜ, ಸೇರಿಸಿರಲಿಲ್ಲ, ತರಗತಿಗೆ ರಜೆ ಇದ್ದ ವಾರಗಳವು, ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ವಾರಗಳು.

ಬಾಂಡಿನಲ್ಲಿ ನನ್ನ ಮತ್ತು ಕಂಪನಿಯ ನಡುವಿನ ಲೆಕ್ಕ ಕಾಸು ಬಿಡದೆ ಬರೆದಿದೆ. ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ವಾಪಸು ಕೊಡಬೇಕು, ಯಾವ ತಿಂಗಳಲ್ಲಿ ಬಿಟ್ಟರೆ ಎಷ್ಟು ಎಂಬ ಪಟ್ಟಿಯೇ ಇದೆ. ಲಿಲಿಯನ್ ಗಿಲ್‌ಬ್ರೆತ್ ಈ ಇನ್ನೊಂದು ಕಾಲಮಿನ ಕೆಲಸವನ್ನು ಒಂದು ಮಟ್ಟಿಗೆ ಮಾಡಿದಳು. 1924ರಲ್ಲಿ ಗಂಡ ತೀರಿಕೊಂಡ ಮೇಲೆ, ಹೆಂಗಸಿನ ಸಲಹೆ ಬೇಡವೆಂದು ಕೆಲವು ಕಂಪನಿಗಳು ಹಿಂದೆ ಸರಿದವು. ಆಕೆ ಕಾರ್ಖಾನೆಗೆ ಹಚ್ಚುತ್ತಿದ್ದ ಅದೇ ಅಳತೆಯನ್ನು ಅಡುಗೆಮನೆಗೆ ಹಚ್ಚಿದಳು. ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ, ಸಿಂಕಿನಿಂದ ಪಾತ್ರೆಯ ಕಪಾಟಿಗೆ ಎಷ್ಟು ಹೆಜ್ಜೆ. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿಯ ಶ್ರೇಯ ಸಲ್ಲುವುದು ಆಕೆಗೇ. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದಳು. ನಮ್ಮ ತರಗತಿಯಲ್ಲಿ ಟೇಲರ್‌ಗೆ ಎರಡು ಗಂಟೆ ಸಿಕ್ಕಿತು, ಲಿಲಿಯನ್ನಳಿಗೆ ಒಂದು ಸ್ಲೈಡು. ಅದರಲ್ಲೂ ಮುಂದೆ ಇದ್ದದ್ದು ಗಂಡನ ಹೆಸರು.

ಈಗ ಕೋರ್ಸು ಮುಗಿದಿದೆ, ಬಾಂಡಿನ ಮೊದಲ ವರ್ಷ ನಡೆಯುತ್ತಿದೆ. ಅತ್ತೆ ಮತ್ತೆ ಶನಿವಾರ ಮಂಡಳಿಗೆ ಹೋಗುತ್ತಿದ್ದಾರೆ. ಕಳೆದ ತಿಂಗಳು ನಮ್ಮ ಕ್ವಾಲಿಟಿ ವಿಭಾಗದ ಹುಡುಗಿಯೊಬ್ಬಳು ಅದೇ ಕೋರ್ಸಿನ ಅರ್ಜಿ ಹಿಡಿದುಕೊಂಡು ಬಂದಳು. ಮದುವೆಯಾಗಿ ಮೂರು ವರ್ಷ, ಒಂದೂವರೆ ವರ್ಷದ ಮಗು. ಅತ್ತೆ ಮಾವ ದಾವಣಗೆರೆಯಲ್ಲಿ, ಅಪ್ಪ ಅಮ್ಮ ಸಿರಸಿಯ ಹತ್ತಿರ. ಗಂಡನಿಗೆ ಶಿಫ್ಟಿನ ಕೆಲಸ. "ಮೇಡಂ, ನಿಮಗೆ ಹೇಗೆ ಆಯ್ತು?" ಎಂದು ಕೇಳಿದಳು. ಶುಲ್ಕ, ಪ್ರವೇಶ ಪರೀಕ್ಷೆ, ಬಾಂಡ್ ಎಲ್ಲ ಹೇಳಿದೆ. ಆಮೇಲೆ ಫೋನಿನಲ್ಲಿದ್ದ ಆ ಅಸೈನ್‌ಮೆಂಟ್ ಹಾಳೆ ತೋರಿಸಿದೆ. ಅವಳು ಮೊದಲನೇ ಕಾಲಮನ್ನು ಬೇಗ ಓದಿ ಎರಡನೆಯದರ ಹತ್ತಿರ ನಿಂತಳು. "ನನಗೆ ಈ 21 ಇಲ್ಲ" ಎಂದಳು.

ಇಬ್ಬರೂ ಸೇರಿ ಆ ಸಂಸ್ಥೆಯ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿದೆವು. ಶನಿವಾರ, ಭಾನುವಾರ ತರಗತಿ ನಡೆಯುವ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳಲು ಅಲ್ಲಿ ಏನಾದರೂ ವ್ಯವಸ್ಥೆ ಇದೆಯೇ ಎಂದು ಕೇಳಿದಳು. ಕಾರು ನಿಲ್ಲಿಸಲು ಜಾಗ ಇದೆ, ಮಧ್ಯಾಹ್ನದ ಊಟ ಶುಲ್ಕದಲ್ಲೇ ಸೇರಿದೆ, ಲೈಬ್ರರಿ ರಾತ್ರಿ ಹತ್ತರ ತನಕ ತೆರೆದಿರುತ್ತದೆ ಎಂದರು. ಮಗುವಿನ ವಿಷಯ ಈ ತನಕ ಯಾರೂ ಕೇಳಿಲ್ಲ, ವಿಚಾರಿಸಿ ಹೇಳುತ್ತೇವೆ ಎಂದು ಅವಳ ನಂಬರ್ ಬರೆದುಕೊಂಡರು. ಅರ್ಜಿಗೆ ಕೊನೆಯ ದಿನ ಈ ತಿಂಗಳ 30. ಅವಳು ಬೇರೆಲ್ಲ ಕಾಲಂ ತುಂಬಿ ಇಟ್ಟಿದ್ದಾಳೆ.